ಖಾತೆಗೆ ಬಂತೋ, ಖಾತೆಯಿಂದ ಹೋತೋ?

ಹತ್ತನೇ ಕ್ಲಾಸಿನ ಹುಡುಗನಿಗೆ ‘ಅಂತರ್ಜಾಲ’ದ ಮೇಲೆ ಪ್ರಬಂಧ ಬರಿ ಅನ್ನಿ. ತಡವಿಲ್ಲ, ಬರೆದೇ ಬಿಡ್ತಾನೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ. ಅನುಕೂಲ ಐದು, ಅನಾನುಕೂಲ ಐದು. ಗೈಡಿನಲ್ಲಿದ್ದದ್ದನ್ನು ಇದ್ದಹಾಗೆ ಇಳಿಸಿ ಅಂಕ ಗಿಟ್ಟಿಸ್ತಾನೆ. ಕನ್ನಡ ಮಾಸ್ತರರಿಗೂ ಸಮಾಧಾನ, ಹಡೆದವರಿಗೂ ಸಮಾಧಾನ.

ಅದೇ ಹುಡುಗ ಸಂಜೆ ಅಂಗಡಿಗೆ ಬಂದ ಅಂತಿಟ್ಟುಕೊಳ್ಳಿ. ಗಲ್ಲಾ ಮುಂದೆ ಕುಂತ ಅಪ್ಪ ಮೊಬೈಲ್ ಚಾಚಿ, ‘‘ಇಂಗ್ಲಿಷ್‌ನಾಗ ಏನೋ ಬಂದೈತಿ, ಓದಿ ಹೇಳಪಾ’’ ಅಂತಾನೆ. ಹುಡುಗ ಅಕ್ಷರ ಕೂಡಿಸಿ ಓದ್ತಾನೆ. ‘ಕ್ರೆಡಿಟೆಡ್’ ಅಂತಿದೆಯೋ ‘ಡೆಬಿಟೆಡ್’ ಅಂತಿದೆಯೋ, ಎರಡೂ ಅವನಿಗೆ ಒಂದೇ ಥರ. ರೊಕ್ಕದ ಸುದ್ದಿ ಅನ್ನೋದಷ್ಟೇ ಗೊತ್ತು. ಅಷ್ಟರಲ್ಲಿ ಫೋನು ಬಾರಿಸ್ತದೆ. ಆ ಕಡೆಯವನು ಭಾರೀ ಮರ್ಯಾದಸ್ಥ. ‘‘ಸಾವ್ಕಾರ್ರ, ಕೈತಪ್ಪಿ ನಿಮಗ ಐದು ಸಾವಿರ ಹಾಕೀನ್ರಿ. ಮೆಸೇಜ್ ಬಂದಿರಬೇಕು ನೋಡ್ರಿ. ದವಾಖಾನಿ ರೊಕ್ಕ ಅದು, ವಾಪಸ್ ಕಳಿಸ್ರಿ.’’

ಸಾವ್ಕಾರರ ಮನಸ್ಸು ಕರಗ್ತದೆ. ಕಳಿಸೇ ಬಿಡ್ತಾರೆ. ರಾತ್ರಿ ಲೆಕ್ಕ ಹಾಕುವಾಗ ಗೊತ್ತಾಗೋದು: ಬಂದದ್ದು ರೊಕ್ಕ ಅಲ್ಲ, ರೊಕ್ಕ ಬಂತು ಅನ್ನೋ ಮಾತು. ಆ ಮೆಸೇಜು ಬ್ಯಾಂಕಿನದಲ್ಲ, ಯಾವನೋ ತನ್ನ ಹತ್ತಂಕಿ ನಂಬರಿನಿಂದ ಟೈಪ್ ಮಾಡಿ ಒಗೆದದ್ದು. ಅಂತರ್ಜಾಲದ ಅನಾನುಕೂಲ ಐದೂ ಬಾಯಿಪಾಠ ಮಾಡಿದ ಮಗನ ಕಣ್ಣೆದುರೇ ಗಲ್ಲಾ ಖಾಲಿ!

ಇದನ್ನೆಲ್ಲ ಕಂಪ್ಯೂಟರ್ ವಿದ್ಯೆ ಅಂತ ಕರೆದು ಕಂಪ್ಯೂಟರ್ ಕೋಣೆಗೆ ತಳ್ಳುವುದು ರೂಢಿ. ಆದರೆ ಇಲ್ಲಿ ಕಳ್ಳ ಯಾವ ಯಂತ್ರವನ್ನೂ ಒಡೆದಿಲ್ಲ. ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಬೇಕಾದರೆ ನೆಲ ಬಗೆದು ಆಳಕ್ಕೆ ಇಳೀಬೇಕು. ಇವರು ಬರೀ ನಾಲಿಗೆಯಿಂದ ಚಿನ್ನ ತೆಗೀತಾರೆ. ನಾಲಿಗೆಯ ಕಸುಬಿಗೆ ಮದ್ದು ಇರೋದು ಭಾಷೆಯ ಪೀರಿಯಡ್ಡಿನಲ್ಲೇ.

ವಿಭಕ್ತಿ ತಪ್ಪಿದರೆ ರೊಕ್ಕ ಹೋತು

ಹೈಸ್ಕೂಲಿನಲ್ಲಿ ವಿಭಕ್ತಿ ಪ್ರತ್ಯಯ ಕಲಿಯದವರಿಲ್ಲ. ‘ಇಂದ’ ತೃತೀಯಾ, ‘ಗೆ’ ಚತುರ್ಥೀ. ರಾಗವಾಗಿ ಹಾಡಿ ಪರೀಕ್ಷೆ ಮುಗಿದ ಮರುದಿನ ಮರೆತದ್ದೇ ಹೆಚ್ಚು. ಈಗ ಊರಿನ ಸಂತೆ, ಕಿರಾಣಿ, ಪಾನ್ ಅಂಗಡಿ ಎಲ್ಲವೂ ಈ ಎರಡು ಪ್ರತ್ಯಯದ ಮೇಲೇ ನಿಂತಿವೆ. ‘ಕ್ರೆಡಿಟೆಡ್’ ಅಂದರೆ ಖಾತೆಗೆ ಜಮಾ. ‘ಡೆಬಿಟೆಡ್’ ಅಂದರೆ ಖಾತೆಯಿಂದ ಕಡಿತ.

ಯುಪಿಐ ಪದ್ಧತಿ ದೇಶದಲ್ಲಿ ಬಂದದ್ದು 2016ರ ಏಪ್ರಿಲ್‌ನಲ್ಲಿ. ಅಂದಿನಿಂದ ಇಂದಿನವರೆಗೆ ಒಂದು ಸಂಗತಿ ಬದಲಾಗಿಲ್ಲ. ಪಿನ್ ಒತ್ತಬೇಕಾಗೋದು ರೊಕ್ಕ ಕಳಿಸಲಿಕ್ಕೆ, ಇಲ್ಲವೇ ಖಾತೆಯಲ್ಲಿ ಎಷ್ಟು ಉಳಿದಿದೆ ಅಂತ ನೋಡಲಿಕ್ಕೆ. ಖಾತೆಗೆ ಬರುವ ರೊಕ್ಕಕ್ಕೆ ಪಿನ್ ಬೇಡ, ಒಟಿಪಿ ಬೇಡ, ಸ್ಕ್ಯಾನೂ ಬೇಡ. ‘‘ಇದನ್ನ ಸ್ಕ್ಯಾನ್ ಮಾಡಿ ಪಿನ್ ಹಾಕ್ರಿ, ನಿಮಗ ರೊಕ್ಕ ಬರ್ತದ’’ ಅಂದವನು ‘ಇಂದ’ವನ್ನು ‘ಗೆ’ ಅಂತ ಮಾರಲಿಕ್ಕೆ ಬಂದವನು.

ಹಿಂದೆ ‘ಕಲೆಕ್ಟ್ ರಿಕ್ವೆಸ್ಟ್’ ಅಂತ ಒಂದು ಸೌಲಭ್ಯ ಇತ್ತು. ಯಾರು ಬೇಕಾದರೂ ನಿಮ್ಮ ಫೋನಿಗೆ ರೊಕ್ಕದ ಬೇಡಿಕೆ ಕಳಿಸಬಹುದಿತ್ತು. ‘ಕಲೆಕ್ಟ್’ ಅಂದರೆ ವಸೂಲಿ. ಯಾರು ಯಾರಿಂದ ವಸೂಲಿ ಮಾಡೋದು ಅನ್ನೋದು ತಿಳಿಯದೆ, ರೊಕ್ಕ ತನಗೇ ಬರ್ತದೆ ಅಂದುಕೊಂಡು ಪಿನ್ ಒತ್ತಿದವರು ಲೆಕ್ಕವಿಲ್ಲದಷ್ಟು ಮಂದಿ. ಕೊನೆಗೆ ಒಬ್ಬ ವ್ಯಕ್ತಿ ಇನ್ನೊಬ್ಬ ವ್ಯಕ್ತಿಗೆ ಹೀಗೆ ಬೇಡಿಕೆ ಕಳಿಸೋದನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಲಾಯಿತು. ಒಂದು ಶಬ್ದ ಅರ್ಥವಾಗದ ಕಾರಣಕ್ಕೆ ಇಡೀ ದೇಶದ ಒಂದು ಸೌಲಭ್ಯವೇ ಬಂದಾತು ನೋಡಿ!

ಅಂಗಡಿಯಲ್ಲಿ ಕೂಗುವ ಡಬ್ಬಿಯ ವಿಷಯವೂ ಅಷ್ಟೇ. ಗಿರಾಕಿ ತೋರಿಸುವ ‘ಟಿಕ್’ ಗುರುತಿನ ಚಿತ್ರವನ್ನು ನಂಬಬಾರದು, ಅಂಥ ಚಿತ್ರ ತಯಾರು ಮಾಡುವ ನಕಲಿ ಆ್ಯಪ್‌ಗಳೇ ಇವೆ. ಡಬ್ಬಿ ಕೂಗಬೇಕು, ಇಲ್ಲವೇ ಅಂಗಡಿಯವನ ಸ್ವಂತ ಆ್ಯಪ್‌ನಲ್ಲಿ ಜಮಾ ಕಾಣಬೇಕು. ಬೆಳಿಗ್ಗೆ ಬಾಗಿಲು ತೆಗೆದಾಗ ಕ್ಯೂಆರ್ ಚೀಟಿಯ ಮೇಲೆ ಇನ್ನೊಂದು ಚೀಟಿ ಅಂಟಿದೆಯೇನು ಅಂತ ಒಮ್ಮೆ ಉಗುರಿನಿಂದ ಕೆರೆದು ನೋಡೋದೂ ಒಳ್ಳೇದೇ.

ಕರ್ತೃ ಎಲ್ಲಿ ಸ್ವಾಮಿ?

‘ನಿಮ್ಮ ಖಾತೆಯನ್ನು ಇಂದು ರಾತ್ರಿ ಸ್ಥಗಿತಗೊಳಿಸಲಾಗುವುದು. ಕೂಡಲೇ ಕೆಳಗಿನ ಲಿಂಕ್ ಒತ್ತಿರಿ.’

ಇದು ಕಳ್ಳನ ಕನ್ನಡ. ವ್ಯಾಕರಣದ ಕಣ್ಣಿನಿಂದ ನೋಡಿದರೆ ಮೊದಲ ವಾಕ್ಯ ಕರ್ಮಣಿ ಪ್ರಯೋಗ. ಸ್ಥಗಿತಗೊಳಿಸುವವರು ಯಾರು? ಕರ್ತೃಪದ ನಾಪತ್ತೆ! ಎರಡನೇ ವಾಕ್ಯ ವಿಧ್ಯರ್ಥ, ಅಂದರೆ ಆಜ್ಞೆ. ಹೆಸರಿಲ್ಲದವನು ಹೆದರಿಸ್ತಾನೆ, ಹೆಸರಿಲ್ಲದವನೇ ಆಜ್ಞೆ ಮಾಡ್ತಾನೆ. 2022ರಲ್ಲಿ ದೇಶದ ತುಂಬ ಹರಿದಾಡಿದ ‘ಇಂದು ರಾತ್ರಿ ಕರೆಂಟ್ ಕಡಿತಗೊಳಿಸಲಾಗುವುದು’ ಅನ್ನೋ ಮೆಸೇಜಿನ ಧಾಟಿಯೂ ಇದೇ.

ಮಂದಿ ಇದಕ್ಕೆ ಯಾಕೆ ಬಗ್ಗತಾರೆ? ಅರ್ಧ ತಪ್ಪು ಕಚೇರಿ ಕನ್ನಡದ್ದು. ‘ತಿಳಿಯಪಡಿಸಲಾಗಿದೆ’, ‘ಕ್ರಮ ಜರುಗಿಸಲಾಗುವುದು’, ‘ಸೂಚಿಸಲಾಗಿದೆ’. ಯಾರು ತಿಳಿಯಪಡಿಸಿದರು, ಯಾರು ಜರುಗಿಸೋರು, ಒಂದೂ ಇಲ್ಲ. ಇಂಥ ಕಾಗದ ಹಿಡಿದು ಕಚೇರಿ ಮುಂದೆ ನಿಂತು ನಿಂತು, ಕರ್ತೃ ಇಲ್ಲದ ವಾಕ್ಯ ಕಂಡರೆ ಕೈಕಟ್ಟಿ ನಿಲ್ಲುವ ರೂಢಿ ಬಿದ್ದಿದೆ. ಕಳ್ಳ ಆ ರೂಢಿಯನ್ನೇ ಬಂಡವಾಳ ಮಾಡಿಕೊಂಡ.

ಕನ್ನಡ ಮಾಸ್ತರು ವ್ಯಾಕರಣದ ದಿನ ಇಂಥದೊಂದು ಮೆಸೇಜನ್ನು ಕರಿಹಲಗೆಯ ಮೇಲೆ ಬರೆದು, ‘‘ಇದನ್ನ ಕರ್ತರಿ ಪ್ರಯೋಗಕ್ಕೆ ತಿರುಗಿಸ್ರಿ’’ ಅಂದರೆ ಸಾಕು. ಕರ್ತೃವಿನ ಜಾಗಕ್ಕೆ ಏನು ತುಂಬಬೇಕು ಅಂತ ಹುಡುಗರು ತಡಕಾಡುವಾಗಲೇ ಅರ್ಧ ಪಾಠ ಮುಗೀತು.

ಐದು ಹೆಸರಿನ ಬ್ಯಾಂಕು

‘ಬ್ಯಾಂಕು ಬದಲಾಗಿದೆ, ಕೆವೈಸಿ ಮಾಡಿಸಿ’ ಅನ್ನೋ ಮಾತು ಈ ಭಾಗದಲ್ಲಿ ಬೇಗ ನಂಬಿಕೆಗೆ ಬರ್ತದೆ. ಅದಕ್ಕೆ ಕಾರಣವೂ ಇದೆ. 1976ರಲ್ಲಿ ಬಳ್ಳಾರಿ-ರಾಯಚೂರು ಸೀಮೆಗೆ ತುಂಗಭದ್ರಾ ಗ್ರಾಮೀಣ ಬ್ಯಾಂಕು ಬಂತು. 2005ರಲ್ಲಿ ಅದು ಪ್ರಗತಿ ಗ್ರಾಮೀಣ ಬ್ಯಾಂಕಾಯಿತು. 2013ರಲ್ಲಿ ಪ್ರಗತಿ ಕೃಷ್ಣಾ. 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕು. 2025ರ ಮೇ 1ರಂದು ಇನ್ನೊಂದು ವಿಲೀನವಾಗಿ ಹೊಸ ಕರ್ನಾಟಕ ಗ್ರಾಮೀಣ ಬ್ಯಾಂಕು. ನಡುವೆ 2017ರಲ್ಲಿ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಹೋಗಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾ ಸೇರಿತು, 2020ರಲ್ಲಿ ಸಿಂಡಿಕೇಟ್ ಬ್ಯಾಂಕು ಕೆನರಾದೊಳಗೆ ಕೂಡಿತು.

ರೈತ ಅವನೇ, ಹೊಲ ಅದೇ, ಬೆಳೆಸಾಲವೂ ಅದೇ. ಬೋರ್ಡು ಮಾತ್ರ ಬೇರೆ ಬೇರೆ. ಪ್ರತಿಸಲ ಹೊಸ ಹೆಸರು. ಹೀಗಿರುವಾಗ ಫೋನಿನಲ್ಲಿ ಯಾರೋ ‘‘ನಿಮ್ಮ ಬ್ಯಾಂಕಿನ ಹೆಸರು ಬದಲಾಗೈತ್ರಿ’’ ಅಂದರೆ ಸುಳ್ಳು ಅಂತ ಹೇಗೆ ಅನಿಸಬೇಕು? ನಿಜದ ಬದಲಾವಣೆಗೆ ಶಾಖೆಗೇ ಹೋಗಿ ವಿಚಾರಿಸಬಹುದು. ಸಿಂಧನೂರು ಪ್ಯಾಟಿಯಲ್ಲಿ, ಮಸ್ಕಿಯಲ್ಲಿ, ಲಿಂಗಸುಗೂರಿನಲ್ಲಿ ಶಾಖೆಗೇನು ಬರವಿಲ್ಲ.

ಬಿರುದು ಸಾಲದು, ಹೆಸರು ಬೇಕು

ಮಸ್ಕಿಯ ಬಸ್‌ಸ್ಟ್ಯಾಂಡಿನಲ್ಲಿ ಇಳಿದವರಿಗೆ ಅಶೋಕನ ಶಾಸನದ ಗುಡ್ಡ ಗೊತ್ತು. ಹತ್ತಿ ನೋಡಿದವರು ಕಡಿಮೆ, ಆ ಮಾತು ಬೇರೆ. ದೇಶದ ತುಂಬ ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಅನ್ನೋ ಬಿರುದಿನ ಶಾಸನಗಳು ಸಿಕ್ಕಿದ್ದವು. ರಾಜ ಯಾರು? ಸಿಂಹಳದ ಗ್ರಂಥಗಳ ಆಧಾರದ ಮೇಲೆ ಪಂಡಿತರು ಅಶೋಕ ಅಂದಿದ್ದರು. ಆದರೆ ಕಲ್ಲಿನ ಮೇಲೆ ಹೆಸರಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ್ ಮಸ್ಕಿಯ ಬಂಡೆ ಕಂಡ. ಅದರಲ್ಲಿ ಬಿರುದಿನ ಜೊತೆಗೇ ‘ಅಶೋಕ’ ಅನ್ನೋ ಹೆಸರಿತ್ತು. ಆಮೇಲೆ ಹೊಳೆ ಆಚೆ ಸಿರುಗುಪ್ಪ ತಾಲ್ಲೂಕಿನ ನಿಟ್ಟೂರು, ಉದೇಗೋಳದಲ್ಲೂ ಆ ಹೆಸರು ಸಿಕ್ಕಿತು.

ಎರಡು ಸಾವಿರ ವರ್ಷದ ಹಿಂದಿನ ಚಕ್ರವರ್ತಿಗೇ ಬರೀ ಬಿರುದು ಸಾಲಲಿಲ್ಲ. ಫೋನಿನಲ್ಲಿ ‘‘ಮ್ಯಾನೇಜರ್ ಮಾತಾಡ್ತೀನಿ’’, ‘‘ಸಿಬಿಐ ಅಧಿಕಾರಿ’’ ಅಂದವನಿಗೆ ಸಾಲ್ತದೇನು? ಅವನು ಹೇಳೋದು ಬಿರುದು. ಹೆಸರು ಹೇಳಿದರೂ ಅದು ಅವನ ಬಾಯಿಂದ ಬಂದದ್ದೇ ತಾನೆ? ಮಸ್ಕಿಯ ಕಲ್ಲು ಬೇರೆ ಕಲ್ಲುಗಳಿಗೆ ಸಾಕ್ಷಿಯಾದ ಹಾಗೆ ಬೇರೊಂದು ಕಡೆಯ ಸಾಕ್ಷಿ ಬೇಕು. ಕರೆ ಕಡಿದು, ಪಾಸ್‌ಬುಕ್ಕಿನ ಮೇಲಿರೋ ನಂಬರಿಗೆ ತಾವೇ ಫೋನ್ ಹಚ್ಚಬೇಕು.

ಮೆಸೇಜಿಗೂ ಒಂದು ಗುರುತಿದೆ. ಬ್ಯಾಂಕು, ಸರ್ಕಾರ, ಕಂಪನಿಗಳ ಮೆಸೇಜು ಅಕ್ಷರದ ಹೆಸರಿನಿಂದ ಬರ್ತದೆ. 2025ರಿಂದ ಆ ಹೆಸರಿಗೆ ಒಂದಕ್ಷರದ ಬಾಲ ಹಚ್ಚಿದ್ದಾರೆ. ‘ಟಿ’ ಇದ್ದರೆ ವ್ಯವಹಾರದ್ದು, ‘ಎಸ್’ ಇದ್ದರೆ ಸೇವೆಯದು, ‘ಜಿ’ ಇದ್ದರೆ ಸರ್ಕಾರದ್ದು, ‘ಪಿ’ ಇದ್ದರೆ ಜಾಹೀರಾತು. ‘ಖಾತೆ ಬಂದಾಗ್ತದೆ’ ಅನ್ನೋ ಸುದ್ದಿ ಹತ್ತಂಕಿಯ ಖಾಸಗಿ ನಂಬರಿನಿಂದ ಬಂದರೆ ಓದುವ ಶ್ರಮವೂ ಬೇಡ.

ಹಿಂದಿ ತಿಳೀತದೆ, ಅದೇ ಕುತ್ತು

ಈ ಮೂರೂ ಊರು 1948ರವರೆಗೆ ನಿಜಾಮರ ಸೀಮೆ. ಉರ್ದು ಇಲ್ಲಿ ಓಣಿಯ ಮಾತು. ಸಿಂಧನೂರಿಗೆ ಕಾಲುವೆ ನೀರು ಬಂದ ಮೇಲೆ ಕ್ಯಾಂಪುಗಳಲ್ಲಿ ತೆಲುಗು ಸೇರಿತು, ಪುನರ್ವಸತಿ ಕ್ಯಾಂಪುಗಳಲ್ಲಿ ಬಂಗಾಳಿಯೂ ಸೇರಿತು. ಹೀಗಾಗಿ ಹಿಂದಿಯಲ್ಲಿ ದಬಾಯಿಸುವ ಕರೆ ಬಂದರೆ ಇಲ್ಲಿನವರಿಗೆ ಅರ್ಥವಾಗ್ತದೆ. ಅರ್ಥವಾಗದವನು ‘‘ಏನಂತಿಯೋ ತಿಳೀವಲ್ದು’’ ಅಂತ ಫೋನಿಟ್ಟು ಪಾರಾಗ್ತಾನೆ. ಅರ್ಥವಾದವನು ‘‘ಜೀ ಸಾಬ್’’ ಅಂತ ಮಾತು ಮುಂದುವರಿಸಿ ಸಿಕ್ಕಿ ಬೀಳ್ತಾನೆ!

‘ಡಿಜಿಟಲ್ ಅರೆಸ್ಟ್’ ಅನ್ನೋದು ಈ ದಬಾವಣೆಯ ಹೊಸ ರೂಪ. ವಿಡಿಯೋ ಕರೆಯಲ್ಲಿ ಖಾಕಿ ತೊಟ್ಟವನು, ಹಿಂದೆ ಠಾಣೆಯ ಹಾಗೆ ಕಾಣುವ ಪರದೆ. ‘ನಿಮ್ಮ ಆಧಾರ್ ಮೇಲೆ ಕೇಸು ಬಿದ್ದಿದೆ, ಕ್ಯಾಮರಾ ಮುಂದಿನಿಂದ ಏಳಬಾರದು, ಮನೆಯವರಿಗೆ ಹೇಳಬಾರದು.’ 2024ರ ಅಕ್ಟೋಬರ್ 27ರ ಆಕಾಶವಾಣಿ ಭಾಷಣದಲ್ಲಿ ಪ್ರಧಾನಿ ಇದರ ಬಗ್ಗೆ ಎಚ್ಚರಿಸಿದರು. ಅಂದು ಕೇಳಿಸಿದ ಧ್ವನಿಮುದ್ರಣ ನೆರೆಯ ವಿಜಯಪುರದವರೊಬ್ಬರಿಗೆ ಬಂದ ಕರೆಯದು. ಇಂಥ ಬಂಧನ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಕೂಡಬಾರದ ಶಬ್ದ ಕೂಡಿದರೆ ವ್ಯಾಕರಣದವರು ‘ಅರಿಸಮಾಸ’ ಅಂತಾರೆ. ಅರಿ ಅಂದರೆ ವೈರಿ. ‘ಡಿಜಿಟಲ್’ ಮತ್ತು ‘ಅರೆಸ್ಟ್’ ಕೂಡಿದ್ದು ಆ ಅರ್ಥದಲ್ಲಿ ಅರಿಸಮಾಸವೇ.

ಬಲಗಡೆಯಿಂದ ಓದಿರಿ

ವೆಬ್ ವಿಳಾಸ ಪರೀಕ್ಷಿಸೋದನ್ನು ಉರ್ದು ಬಲ್ಲವರಿಗೆ ಬೇಗ ಹೇಳಿಕೊಡಬಹುದು: ಬಲಗಡೆಯಿಂದ ಓದಬೇಕು. ಮೊದಲ ಒಂಟಿ ಓರೆಗೆರೆ ಎಲ್ಲಿದೆಯೋ ಅಲ್ಲಿ ನಿಂತು ಎಡಕ್ಕೆ ಬರಬೇಕು. ಲಕೋಟೆಯ ಮೇಲೂ ಹೀಗೇ ಅಲ್ಲವೇ? ‘ಬಸವಣ್ಣನ ಗುಡಿ ಹತ್ತಿರ’ ಅನ್ನೋದು ಊರೂರಿಗೂ ಇದೆ. ಟಪಾಲು ಎಲ್ಲಿಗೆ ಹೋಗಬೇಕು ಅಂತ ತೀರ್ಮಾನಿಸೋದು ಕೊನೆಯ ಸಾಲಿನ ಊರು, ಜಿಲ್ಲೆ.

ರಿಸರ್ವ್ ಬ್ಯಾಂಕಿನ ಆದೇಶದಂತೆ 2025ರಿಂದ ಬ್ಯಾಂಕುಗಳ ವಿಳಾಸ ‘ಬ್ಯಾಂಕ್ ಡಾಟ್ ಇನ್’ ಅಂತ ಮುಗೀಬೇಕು. ಕಳ್ಳನೂ ಆ ಶಬ್ದ ಹಾಕ್ತಾನೆ, ಆದರೆ ನಡುವೆ ಹಾಕ್ತಾನೆ. ‘ಬ್ಯಾಂಕ್ ಡಾಟ್ ಇನ್’ ಆದ ಮೇಲೆ ಇನ್ನೊಂದು ಡಾಟ್, ಇನ್ನೊಂದು ಹೆಸರು ಬಂತೋ, ಊರು ಬದಲಾಯಿತು ಅಂತಲೇ ಲೆಕ್ಕ.

ಲಗ್ನಪತ್ರಿಕೆಯ ಮೋಸವೂ ಈ ಜಾತಿಯದೇ. ವಾಟ್ಸ್ಆ್ಯಪ್‌ಗೆ ‘ಮದುವೆಯ ಮಮತೆಯ ಕರೆಯೋಲೆ’ ಬರ್ತದೆ. ಒತ್ತಿದರೆ ‘ಇನ್‌ಸ್ಟಾಲ್’ ಅಂತ ಕೇಳ್ತದೆ. ಕಡತದ ಹೆಸರಿನ ಬಾಲ ‘ಎಪಿಕೆ’. ಅದು ಪತ್ರಿಕೆಯಲ್ಲ, ಫೋನಿನ ಮೆಸೇಜುಗಳನ್ನೆಲ್ಲ ಕದ್ದೋದುವ ಆ್ಯಪ್. ಪಿಎಂ ಕಿಸಾನ್ ಕಂತಿನ ಹೆಸರಲ್ಲೂ, ಗಾಡಿ ಚಲನ್ ಹೆಸರಲ್ಲೂ ಇಂಥವು ತಿರುಗಾಡ್ತಿವೆ. ವಧು-ವರರ ಹೆಸರು, ಮುಹೂರ್ತ, ಸ್ಥಳ ಓದಲಿಕ್ಕೆ ಇನ್‌ಸ್ಟಾಲ್ ಯಾಕೆ ಬೇಕು?

ಓದು ಬಾರದವರ ಪಾಡೇನು ಅಂತ ಕೇಳಬಹುದು. 2023ರಲ್ಲಿ ಕರ್ನಾಟಕದಲ್ಲಿ ಹೆಬ್ಬೆಟ್ಟೇ ಕಳುವಾಯಿತು. ನೋಂದಣಿ ಪತ್ರಗಳ ಪ್ರತಿಯಲ್ಲಿದ್ದ ಬೆರಳಚ್ಚು ನಕಲು ಮಾಡಿ ಆಧಾರ್ ಮೂಲಕ ರೊಕ್ಕ ತೆಗೆದ ಪ್ರಕರಣ ಬೆಳಕಿಗೆ ಬಂದು, ಸರ್ಕಾರ ಆ ಪ್ರತಿಗಳಲ್ಲಿ ಬೆರಳಚ್ಚು ಮರೆಮಾಡಿತು. ಆಧಾರ್ ಆ್ಯಪ್‌ನಲ್ಲಿ ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯ ಪುಕ್ಕಟೆ ಇದೆ. ಅವ್ವ-ಅಪ್ಪನ ಆಧಾರ್‌ಗೆ ಅದನ್ನು ಹಾಕಿಕೊಡೋದು ಓದುವ ಮಕ್ಕಳ ಕೈಲಾಗುವ ಕೆಲಸ. ಬಸ್ಸಿನಲ್ಲಿ ಶಕ್ತಿ ಟಿಕೆಟ್ಟಿಗೆ ಕಂಡಕ್ಟರನಿಗೆ ಕಾರ್ಡು ತೋರಿಸಿದರಾಯಿತು. ಫೋಟೋ ತೆಗೆದುಕೊಳ್ತೀನಿ ಅನ್ನೋ ಪಕ್ಕದ ಸೀಟಿನವನಿಗಲ್ಲ.

ಖಾತೆ ಬಾಡಿಗೆಗಿದೆ!

ಕಾಲೇಜು ಹುಡುಗರ ವಿಷಯ ಇನ್ನೂ ಗಂಭೀರ. ‘‘ನಿನ್ನ ಅಕೌಂಟು, ಎಟಿಎಂ, ಸಿಮ್ ಕೊಡು. ತಿಂಗಳಿಗೆ ಇಷ್ಟು ಸಾವಿರ’’ ಅನ್ನೋ ಆಸೆ ತೋರಿಸುವ ಜಾಲ ದೇಶದ ತುಂಬ ಇದೆ. ಕದ್ದ ರೊಕ್ಕ ಆ ಖಾತೆಗೆ ಬಂದು, ಗಳಿಗೆಯೊಳಗೆ ಆ ಖಾತೆಯಿಂದ ಹೋಗ್ತದೆ. ಪೊಲೀಸರು ಮೊದಲು ಬರೋದು ಖಾತೆಯ ಹೆಸರಿನವನ ಮನೆಗೆ. ಸೋಗು ಹಾಕಿ ಕಂಪ್ಯೂಟರ್, ಮೊಬೈಲ್ ಮೂಲಕ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಕಲಮಿನಂತೆ ಮೂರು ವರ್ಷದವರೆಗೆ ಸಜೆ, ಒಂದು ಲಕ್ಷದವರೆಗೆ ದಂಡ. ‘‘ನನಗ ಗೊತ್ತಿರಲಿಲ್ರಿ’’ ಅಂತ ಠಾಣೆಯ ಬೆಂಚಿನ ಮೇಲೆ ಕುಂತು ಹೇಳೋದು ಸುಲಭವಲ್ಲ. ನೌಕರಿಗೆ ಅರ್ಜಿ ಹಾಕುವ ವಯಸ್ಸಿನಲ್ಲಿ ಹೆಸರಿನ ಮೇಲೆ ಕೇಸು!

ಆ ಕದ್ದ ರೊಕ್ಕದಲ್ಲೇ ಯಾರೋ ಅಂಗಡಿಯಲ್ಲಿ ಸಾಮಾನು ಕೊಂಡರೆ ಅಂಗಡಿಯವನ ಖಾತೆಯೂ ಹೆಪ್ಪುಗಟ್ಟಬಹುದು. 2023ರಲ್ಲಿ ಕೇರಳದ ಎಷ್ಟೋ ಸಣ್ಣ ವ್ಯಾಪಾರಿಗಳಿಗೆ ಹೀಗೇ ಆಯಿತು. ಬೇರೆ ರಾಜ್ಯದ ಪೊಲೀಸರ ಸೂಚನೆ ಮೇಲೆ ಖಾತೆ ಬಂದು. ಬಿಲ್ ಪುಸ್ತಕ ಇದ್ದವನು, ಈ ರೊಕ್ಕ ಈ ಸಾಮಾನಿಗೆ ಬಂತು ಅಂತ ತೋರಿಸಬಹುದು. ಇಲ್ಲದವನು ಏನು ತೋರಿಸಬೇಕು?

ಕನ್ನಡ ಪೀರಿಯಡ್ಡೇ ಯಾಕೆ?

2021ರಲ್ಲಿ ಡಿಗ್ರಿ ಕ್ಲಾಸಿಗೆ ‘ಡಿಜಿಟಲ್ ಫ್ಲೂಯೆನ್ಸಿ’ ಅಂತ ಪೇಪರ್ ಬಂತು. 2024ರಲ್ಲಿ ಪದವಿಯ ಪದ್ಧತಿಯೇ ಬದಲಾಯಿತು. ಪೇಪರ್ ಬರ್ತವೆ, ಹೋಗ್ತವೆ. ಕನ್ನಡ ಪೀರಿಯಡ್ ಹೋಗೋದಿಲ್ಲ. ಕನ್ನಡ ಭಾಷಾ ಕಲಿಕೆ ಕಾಯ್ದೆ 2015ರಲ್ಲಿ ಬಂದ ಮೇಲೆ ಉರ್ದು ಶಾಲೆಯ ಕೂಸಾಗಲಿ, ಕ್ಯಾಂಪಿನ ತೆಲುಗು ಕೂಸಾಗಲಿ, ಇಂಗ್ಲಿಷ್ ಮೀಡಿಯಂನದಾಗಲಿ, ಕನ್ನಡ ಕಲೀಲೇಬೇಕು. ಕಂಪ್ಯೂಟರ್ ಇರದ ಶಾಲೆಯಲ್ಲೂ ಕರಿಹಲಗೆ ಇದೆ. ರಿಸ‍ರ್ವ್ ಬ್ಯಾಂಕು ಸಹ 2022ರಲ್ಲಿ ಈ ಮೋಸಗಳನ್ನು ‘ರಾಜು ಮತ್ತು ನಲವತ್ತು ಕಳ್ಳರು’ ಅನ್ನೋ ಅರ್ಥದ ಹೆಸರಿಟ್ಟು ನಲವತ್ತು ಚಿತ್ರ-ಕತೆಗಳಾಗಿ ಬರೆಸಿತು. ಬ್ಯಾಂಕಿನವರಿಗೇ ಇದು ಕತೆಯ ಸಾಮಾನು ಅಂತ ಗೊತ್ತಾದ ಮೇಲೆ ಭಾಷಾ ಮಾಸ್ತರರಿಗೆ ಸಂಕೋಚ ಯಾಕೆ?

ಪತ್ರಲೇಖನವಂತೂ ಪಠ್ಯದಲ್ಲಿ ಇದ್ದೇ ಇದೆ. ‘ಶಾಲಾ ಪ್ರವಾಸಕ್ಕೆ ರೊಕ್ಕ ಕೋರಿ ತಂದೆಗೆ ಪತ್ರ’ ಬರೆಸಿ ಬರೆಸಿ ಸಾಕಾಗಿದೆ. ಈಗಿನ ಕೂಸು ಅದನ್ನು ಫೋನಿನಲ್ಲೇ ಕೇಳ್ತದೆ. ಅದರ ಬದಲು ಬ್ಯಾಂಕಿಗೆ ದೂರು ಬರೆಸಬಹುದು. ರೊಕ್ಕ ಹೋದ ತಕ್ಷಣ 1930ಕ್ಕೆ ಕರೆ ಮಾಡಬೇಕು. ಎಷ್ಟು ರೊಕ್ಕ, ಯಾವ ಖಾತೆಯಿಂದ, ಎಷ್ಟು ಗಂಟೆಗೆ, ಯುಪಿಐನ ಹನ್ನೆರಡು ಅಂಕಿಯ ನಂಬರ್ ಏನು, ಇಷ್ಟನ್ನು ತಡವರಿಸದೆ ಹೇಳೋದೂ ಒಂದು ಮಾತುಗಾರಿಕೆಯ ಅಭ್ಯಾಸ. ಮೊದಲ ಗಂಟೆಯೊಳಗೆ ಹೇಳಿದರೆ ರೊಕ್ಕ ಮುಂದಿನ ಖಾತೆಗೆ ದಾಟುವ ಮುನ್ನ ತಡೆಯುವ ಸಾಧ್ಯತೆ ಹೆಚ್ಚು. ಬೇರೆಯವರ ಕೈವಾಡದಿಂದ ಹೋದ ರೊಕ್ಕವನ್ನು ಮೂರು ಕೆಲಸದ ದಿನದೊಳಗೆ ತಿಳಿಸಿದರೆ ಗಿರಾಕಿಯ ಮೇಲೆ ಹೊಣೆ ಇಲ್ಲ ಅಂತ ರಿಸರ್ವ್ ಬ್ಯಾಂಕು 2017ರ ಜುಲೈ 6ರ ಸುತ್ತೋಲೆಯಲ್ಲಿ ಹೇಳಿತು. ತಾನೇ ಪಿನ್, ಒಟಿಪಿ ಕೊಟ್ಟಿದ್ದರೆ, ತಿಳಿಸುವವರೆಗಿನ ನಷ್ಟ ಅವನದೇ ಅಂತಲೂ ಅದೇ ಸುತ್ತೋಲೆ ಹೇಳಿತು. ತಿಳಿಸಿದ ವೇಳೆಗೆ ಅಷ್ಟು ಬೆಲೆ.

ಪತ್ರದ ನಮೂನೆ ಹೊಸದೇನಲ್ಲ. ಎಡಗಡೆ ಮೇಲೆ ‘ಇಂದ’: ಖಾತೆದಾರನ ಹೆಸರು, ಊರು, ಖಾತೆ ನಂಬರ್. ಕೆಳಗೆ ‘ಗೆ’: ಶಾಖಾ ವ್ಯವಸ್ಥಾಪಕರು. ಆಮೇಲೆ ವಿಷಯ, ಮಾನ್ಯರೇ, 1930ರವರು ಕೊಟ್ಟ ದೂರಿನ ಸಂಖ್ಯೆ, ರುಜು. ಎರಡು ಪ್ರತಿ ಬರೀಬೇಕು. ಎರಡನೇ ಪ್ರತಿಯ ಮೇಲೆ ಬ್ಯಾಂಕಿನ ಸೀಲು, ತಾರೀಖು, ವೇಳೆ ಹಾಕಿಸಿಕೊಂಡು ಗಲ್ಲಾ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳಬೇಕು.